ಹತ್ತು ಪಾಲು, ಒಂದು ಪಾತ್ರೆ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ಅಕ್ಕನ ಮನೆಯಲ್ಲಿ ಉಳಿದಿದ್ದ ಒಂದು ಭಾನುವಾರ. ಇನ್ನೂ ಬೆಳಕು ಹರಿದಿರಲಿಲ್ಲ, ಬಾಗಿಲ ಹೊರಗೆ ಯಾರೋ ಕೂಗಿದರು. ‘ಅಕ್ಕಾ, ಇವತ್ತು ಟಗರು ಕೊಯ್ಯಾಕತ್ತೀವಿ. ಒಂದು ಪಾಲು ಉಳದೈತಿ. ಹಿಡೀತೀಯೇನು?’ ಅಕ್ಕ ತಟ್ಟನೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಒಳಗೆ ಬಂದು ಬೇಳೆ ಡಬ್ಬಿಯ ತಳದಲ್ಲಿ ಮಡಚಿಟ್ಟಿದ್ದ ನೋಟುಗಳನ್ನು ಎರಡು ಸಲ ಎಣಿಸಿದಳು. ಆಮೇಲೆ ಹೊರಗೆ ಹೋಗಿ, ‘ಪಾಲು ಎಷ್ಟಕ್ಕೆ ಬೀಳ್ತೈತಿ?’ ಎಂದು ಕೇಳಿದಳು.

ಡಬ್ಬಿಯಿಂದ ಬಾಗಿಲಿಗೆ ಐದು ಹೆಜ್ಜೆ. ಅಷ್ಟರೊಳಗೆ ಅವಳು ಹಾಕಿದ ಲೆಕ್ಕವನ್ನು ಖಂಡ ತಿನ್ನುವ ಪ್ರತಿ ಮನೆಯ ಹೆಣ್ಣುಮಗಳೂ ಹಾಕುತ್ತಾಳೆ. ಆ ಲೆಕ್ಕದಲ್ಲಿ ಎಷ್ಟು ಸರಿ, ಎಲ್ಲಿ ತಪ್ಪುತ್ತದೆ ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಪಾಲು ಹಾಕುವುದನ್ನು ಹತ್ತಿರ ನಿಂತು ನೋಡಬೇಕು. ಬೇವಿನ ಗಿಡದ ಕೆಳಗೆ ತಾಡಪಾಲು ಹಾಸಿರುತ್ತಾರೆ. ಹತ್ತು ಮನೆ ಸೇರಿದ್ದರೆ ಹತ್ತು ಕಡೆ ಖಂಡ ಇಡುತ್ತ ಹೋಗುತ್ತಾರೆ. ತಕ್ಕಡಿ ಇರುವುದಿಲ್ಲ. ತೊಡೆಯ ತುಂಡುಗಳು ಹತ್ತೂ ಕಡೆಗೆ ಬಿದ್ದ ಮೇಲೆ ಪಕ್ಕೆಲುಬು, ಅದಾದ ಮೇಲೆ ಬೆನ್ನಿನ ಮೂಳೆ, ಬೆರಳುದ್ದದ ಒಂದೊಂದು ಚೂರು ಲಿವರ್, ಕೊನೆಗೆ ತೊಳೆದ ಬೋಟಿ. ಒಂದು ಗುಡ್ಡೆ ಸ್ವಲ್ಪ ದಪ್ಪ ಕಂಡರೂ ಯಾರಾದರೂ ಬಾಯಿ ತೆಗೆಯುತ್ತಾರೆ; ಅಲ್ಲಿಂದ ಎರಡು ತುಂಡು ಎತ್ತಿ ಪಕ್ಕದ್ದಕ್ಕೆ ಹಾಕಲಾಗುತ್ತದೆ. ಎಲ್ಲ ಸಮ ಆಯಿತೆಂದ ಮೇಲೂ ಹಂಚಿಕೆ ಮುಗಿಯುವುದಿಲ್ಲ. ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಇನ್ನೊಬ್ಬ ಒಂದು ಗುಡ್ಡೆಗೆ ಬೆರಳು ತೋರಿಸಿ ‘ಇದು ಯಾರದು?’ ಎನ್ನುತ್ತಾನೆ. ಬೆನ್ನು ತಿರುಗಿಸಿದವನು ನೋಡದೆ ಒಂದು ಹೆಸರು ಹೇಳುತ್ತಾನೆ. ಹೇಳಿದ್ದೇ ಹೇಳಿದ್ದು, ಅದರ ಮೇಲೆ ಯಾರದೂ ತಕರಾರಿಲ್ಲ. ಹಳೇ ಮೈಸೂರು ಕಡೆಯವರು ಗುಡ್ಡೆ ಬಾಡು ಅನ್ನುವುದು ಇದಕ್ಕೇ. ಅಲ್ಲಿ ಯುಗಾದಿ ಮರುದಿನದ ಹೊಸತೊಡಕಿಗೆಂದು ವರ್ಷವಿಡೀ ಚೀಟಿ ಕಟ್ಟುವವರೂ ಇದ್ದಾರೆ.

ಈಗ ದುಡ್ಡಿನ ಮಾತು. ಅಂಗಡಿಯಲ್ಲಿ ಮಟನ್ ಕೆ.ಜಿ.ಗೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಊರು, ಹಬ್ಬ ನೋಡಿಕೊಂಡು ಐವತ್ತು ನೂರು ಆಚೀಚೆ ಆಗುತ್ತದೆ. ಮೂವತ್ತೆರಡು ಕೆ.ಜಿ. ತೂಗುವ ಟಗರನ್ನು 11,000ಕ್ಕೆ ತಂದರು, ಕೊಯ್ದು ಹಸನು ಮಾಡಿದವನಿಗೆ 600 ಕೊಟ್ಟರು, ತಲೆಕಾಲು ಬೇಕೆಂದವರಿಗೆ 800ಕ್ಕೆ ಬಿಟ್ಟರು ಎಂದುಕೊಳ್ಳಿ. ಉಳಿದ ಖರ್ಚು 10,800. ಕುರಿಯ ಜೀವಂತ ತೂಕದಲ್ಲಿ ಖಂಡ ಅರ್ಧಕ್ಕಿಂತ ಕಡಿಮೆಯೇ ಸಿಗುವುದು. ಲಿವರ್, ಬೋಟಿ ಎಲ್ಲ ಸೇರಿ ಹದಿನಾರು ಕೆ.ಜಿ. ಬಂದರೆ ಪಾಲಿಗೆ 1,080 ರೂಪಾಯಿ, ಖಂಡ ಒಂದು ಕೆ.ಜಿ. ಆರುನೂರು ಗ್ರಾಂ. ಅಂದರೆ ಕೆ.ಜಿ.ಗೆ 675. ಅಂಗಡಿಗಿಂತ 125 ರೂಪಾಯಿ ಅಗ್ಗ. ಕಣ್ಣೆದುರೇ ಕೊಯ್ದದ್ದು, ಮೇಕೆಯೋ ಕುರಿಯೋ ಎಂಬ ಅನುಮಾನವಿಲ್ಲ, ನಿನ್ನೆಯದೋ ಇವತ್ತಿನದೋ ಎಂದು ಕೇಳಬೇಕಿಲ್ಲ.

ಆದರೆ ಇಡೀ ಲೆಕ್ಕ ನಿಂತಿರುವುದು ಟಗರಿನ ಬೆನ್ನು ಸವರಿ ತೂಕ ಹೇಳುವವನ ಅಂದಾಜಿನ ಮೇಲೆ. ಉಣ್ಣೆ ದಟ್ಟವಾಗಿದ್ದು ಹೊಟ್ಟೆ ತುಂಬ ಮೇಯ್ದಿದ್ದ ಕುರಿ ದಪ್ಪ ಕಾಣುತ್ತದೆ. ಕೊಯ್ದಾಗ ಹದಿನಾರರ ಬದಲು ಹದಿಮೂರು ಕೆ.ಜಿ. ಬಂದರೆ ಪಾಲಿನ ಖಂಡ ಕೆ.ಜಿ.ಗೆ 830 ರೂಪಾಯಿ ದಾಟಿತು. ನಷ್ಟ ಹತ್ತು ಮನೆಗೆ ಹಂಚಿ ಹೋಗುವುದರಿಂದ ಯಾರಿಗೂ ಜೋರಾಗಿ ತಾಗುವುದಿಲ್ಲ, ಅಷ್ಟೇ. ಪಾಲು ಯಾವಾಗಲೂ ಅಗ್ಗ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕುರಿ ಬಲ್ಲವನೊಬ್ಬ ಗುಂಪಿನಲ್ಲಿದ್ದರೆ ಅಗ್ಗ.

ಇಷ್ಟು ಕುರಿ ಇರುವ ಸೀಮೆಯಲ್ಲಿ ಮಟನ್ ಯಾಕಿಷ್ಟು ತುಟ್ಟಿ ಎಂದು ಕೇಳುವವರುಂಟು. 2019ರ ಇಪ್ಪತ್ತನೇ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳು 1.11 ಕೋಟಿ, ತೆಲಂಗಾಣ, ಆಂಧ್ರ ಬಿಟ್ಟರೆ ನಮ್ಮದೇ ದೊಡ್ಡ ಸಂಖ್ಯೆ. ಬಳ್ಳಾರಿ ಕುರಿ ಎಂಬ ತಳಿಯೇ ಇದೆ. ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸಿಕೊಂಡು ರಾತ್ರಿಯೆಲ್ಲ ಕಾಯುವ ಕುರುಬರನ್ನು ಸಿರುಗುಪ್ಪ ರಸ್ತೆಯಲ್ಲಿ ಓಡಾಡುವವರೆಲ್ಲ ನೋಡಿದ್ದಾರೆ. ಆದರೆ ಫಾರಂ ಕೋಳಿ ನಲವತ್ತು ದಿನದಲ್ಲಿ ತೂಕಕ್ಕೆ ಬರುವಂತೆ ಕುರಿ ಬರುವುದಿಲ್ಲ. ಬಿಸಿಲು ಮಳೆಯೆನ್ನದೆ ಊರೂರು ಅಲೆದು ಮೇಯಿಸಿದ ತಿಂಗಳುಗಟ್ಟಲೆ ದುಡಿಮೆ ಆ 800 ರೂಪಾಯಿಯಲ್ಲಿ ಸೇರಿದೆ. ಪಾಲಿನವರು ನೇರವಾಗಿ ಕುರಿ ಕಾಯುವವನ ಬಳಿ ಹೋದರೆ ನಡುವಿನ ದಲ್ಲಾಳಿಯ ಪಾಲು ತಪ್ಪುತ್ತದೆ, ಕೊಳ್ಳುವವನಿಗೂ ಮಾರುವವನಿಗೂ ನಾಲ್ಕು ಕಾಸು ಉಳಿಯುತ್ತದೆ. ಅದು ಒಳ್ಳೆಯದು. ಕಾಯಿಲೆಯಾಗಿ ಮಲಗಿದ ಕುರಿಯನ್ನು ಅರ್ಧ ಬೆಲೆಗೆ ತಂದು ಪಾಲು ಹಾಕುವುದು ಮಾತ್ರ ಯಾರಿಗೂ ಒಳ್ಳೆಯದಲ್ಲ. ಕುರಿಗೆ ಬರುವ ಆಂಥ್ರಾಕ್ಸ್‌ನಂಥ ರೋಗ ಕೊಯ್ದವನಿಗೂ ತಿಂದವನಿಗೂ ಹತ್ತುತ್ತದೆ. ಸತ್ತ, ಸಾಯಲಿದ್ದ ಕುರಿಯ ಪಾಲು ಪುಕ್ಕಟೆ ಕೊಟ್ಟರೂ ಬೇಡ. ಈ ಒಂದು ಮಾತಿನಲ್ಲಿ ನಾನು ಎರಡೂ ಕಡೆ ತೂಗಲಾರೆ.

ಕೆ.ಜಿ. ಲೆಕ್ಕದ ಉಳಿತಾಯ ಬೇರೆ, ತಿಂಗಳ ಲೆಕ್ಕದ ಉಳಿತಾಯ ಬೇರೆ. ಅಕ್ಕ ನೋಟುಗಳನ್ನು ಎರಡನೇ ಸಲ ಎಣಿಸಿದ್ದು ಇದಕ್ಕೇ. ಅಂಗಡಿಗೆ ಹೋಗಿದ್ದರೆ ಐದು ಜನರ ಮನೆಗೆ ಮುಕ್ಕಾಲು ಕೆ.ಜಿ. ತರುತ್ತಿದ್ದಳು, 600 ರೂಪಾಯಿಗೆ ಮುಗಿಯುತ್ತಿತ್ತು. ಅಗ್ಗದ ಪಾಲು ಅವಳಿಂದ 1,080 ಎತ್ತಿಸಿತು. ಕೇಂದ್ರ ಸರ್ಕಾರದ 2023–24ರ ಮನೆವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ. ಅದರಲ್ಲಿ ಮೊಟ್ಟೆ, ಮೀನು, ಮಾಂಸಕ್ಕೆ ಹೋಗುವುದು ಶೇ 5ರ ಆಸುಪಾಸು. ತಲೆಗೆ ಇನ್ನೂರು ರೂಪಾಯಿ, ಐದು ಜನರ ಮನೆಗೆ ಸಾವಿರ. ಮಾಂಸ ಮುಟ್ಟದವರೂ ಆ ಸರಾಸರಿಯಲ್ಲಿದ್ದಾರೆ ನಿಜ. ಆದರೂ ಹೆಚ್ಚುಕಡಿಮೆ ಇಡೀ ತಿಂಗಳ ದುಡ್ಡನ್ನು ಒಂದು ಪಾಲು ಒಂದೇ ಮುಂಜಾನೆ ನುಂಗಿತು.

ಹಾಗಾದರೆ ಪಾಲು ಹಿಡಿಯಬಾರದೇ? ಹಿಡಿದದ್ದನ್ನು ನಾಲ್ಕು ದಿನಕ್ಕೆ ಹಂಚುವ ಉಪಾಯ ಗೊತ್ತಿದ್ದರೆ ಹಿಡಿಯಬಹುದು. ನಮ್ಮ ಕಡೆಯ ಬಿಸಿಲು ಬಡವರ ಫ್ರಿಜ್. ಖಂಡವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿಣ ಹಚ್ಚಿ, ಹಗ್ಗಕ್ಕೆ ಪೋಣಿಸಿ ಮಾಳಿಗೆಯ ಮೇಲೆ ಕಟ್ಟಿದರೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಕಟ್ಟಿಗೆಯಂತಾಗುತ್ತದೆ. ಅಕ್ಕನ ಅತ್ತೆ ಒಂದು ಹಿಡಿ ಒಣ ಖಂಡವನ್ನು ಕಲ್ಲಿನಲ್ಲಿ ಜಜ್ಜಿ ಬದನೆಕಾಯಿಗೆ ಹಾಕಿದರೆ ಬೀದಿಯ ಕೊನೆಯವರೆಗೆ ವಾಸನೆ. ಫ್ರಿಜ್ ಇದ್ದವರು ಇಷ್ಟು ಕಷ್ಟಪಡುವುದಿಲ್ಲ; ಆದರೆ ಕರೆಂಟು ಹೋಗಿ ಬಂದು, ಕರಗಿ ಮತ್ತೆ ಗಟ್ಟಿಯಾದ ಖಂಡಕ್ಕಿಂತ ಒಣಗಿಸಿದ್ದೇ ನಂಬಿಕೆಯದು ಎಂದು ನನಗೆ ಅನ್ನಿಸುತ್ತದೆ. ಮಳೆಗಾಲದಲ್ಲಿ ಈ ದಾರಿಯಿಲ್ಲ. ಆಗ ಪಾಲು ಬಿಟ್ಟು ಅಂಗಡಿಯ ಅರ್ಧ ಕೆ.ಜಿ.ಯೇ ಲೇಸು, ಇಲ್ಲವೇ ಒಂದು ಪಾಲನ್ನು ಎರಡು ಮನೆ ಹಂಚಿಕೊಳ್ಳಬೇಕು.

ಮಟನ್ ಬದಲು ಕೋಳಿ ಎನ್ನುವವರ ವಾದ ನೇರವಾಗಿದೆ: ಮಟನ್ನಿನ ಮೂರರಲ್ಲೊಂದು ಪಾಲು ಬೆಲೆಗೆ ವಾರಕ್ಕೊಮ್ಮೆ ಮನೆಮಂದಿಯೆಲ್ಲ ತಿನ್ನಬಹುದು. ದೇಶದಲ್ಲಿ ಉತ್ಪಾದನೆಯಾಗುವ ಮಾಂಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೋಳಿಯದೇ ಆಗಿರುವುದಕ್ಕೆ ಕಾರಣ ಈ ಬೆಲೆ. ಶ್ರಾವಣದಲ್ಲಿ ತಿನ್ನುವವರು ಕಡಿಮೆಯಾಗಿ ದರ ಇಳಿಯುತ್ತದೆ; ಬೇಸಿಗೆಯಲ್ಲಿ ಸೆಕೆಗೆ ಕೋಳಿ ಸತ್ತು ಏರುತ್ತದೆ. ಚರ್ಮ ತೆಗೆಸಿದರೆ ದರ ಹೆಚ್ಚು, ತೂಕ ಕಡಿಮೆ, ಎರಡು ಕಡೆಯಿಂದಲೂ ಹೊಡೆತ. ಚರ್ಮದ ಸಮೇತ ತಂದು ಮನೆಯಲ್ಲಿ ಸುಲಿದುಕೊಳ್ಳುವವರು ಜಾಣರು. ಇನ್ನೂ ಅಗ್ಗ ಬೇಕೆಂದರೆ ಮೊಟ್ಟೆ ಕೋಳಿ ಇದೆ. ಫಾರಮ್ಮಿನಲ್ಲಿ ಮೊಟ್ಟೆ ಇಟ್ಟು, ಸುಮಾರು ಒಂದೂವರೆ ವರ್ಷದ ವಯಸ್ಸಿಗೆ ಇಳುವರಿ ತಗ್ಗಿದಾಗ ಮಾರಿದ ಕೋಳಿ ಅದು. ಖಂಡ ಗಟ್ಟಿ, ಕುಕ್ಕರಿನಲ್ಲಿ ಬ್ರಾಯ್ಲರಿನ ಎರಡರಷ್ಟು ಸೀಟಿ ಹೊಡೆಸಬೇಕು, ಆದರೆ ಸಾರಿಗೆ ಬರುವ ರುಚಿ ಜವಾರಿ ಕೋಳಿಗೆ ಹತ್ತಿರ. ಮೃದು ಖಂಡಕ್ಕೆ ಒಗ್ಗಿದ ಮಕ್ಕಳು ಮುಖ ಸಿಂಡರಿಸುತ್ತಾರೆ. 2025ರ ಫೆಬ್ರವರಿ ಕೊನೆಗೆ ನಮ್ಮದೇ ಜಿಲ್ಲೆಯ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಅನೇಕರು ಕೋಳಿಯನ್ನೇ ಬಿಟ್ಟರು. ಭಯ ಸಹಜ. ಚೆನ್ನಾಗಿ ಬೇಯಿಸಿದ ಖಂಡದಲ್ಲಿ ಆ ವೈರಸ್ ಉಳಿಯುವುದಿಲ್ಲ. ಹಸಿ ಕೋಳಿ ಹೆಚ್ಚಿದ ಈಳಿಗೆ, ಕೈ, ಹಲಗೆಯನ್ನು ಸೋಪು ಹಾಕಿ ತೊಳೆಯುವುದೇ ಮುಖ್ಯ.

ಮೀನಿನ ಮಾತು ಇಲ್ಲಿ ಚಿಕ್ಕದು. ತುಂಗಭದ್ರೆಯೂ ಹಗರಿಯೂ ಹರಿಯುವ ತಾಲ್ಲೂಕಿದು, ಡ್ಯಾಮಿನ ಕಾಟ್ಲಾ, ರೋಹು ಬರುತ್ತವೆ. ಬಂದ ದಿನ ಕೊಂಡರಾಯಿತು. ಸಂತೆಯ ಒಣ ಸಿಗಡಿ ಒಂದು ಮುಷ್ಟಿ ಮನೆಯಲ್ಲಿದ್ದರೆ ಕೈ ಖಾಲಿಯಾದ ವಾರದಲ್ಲೂ ರೊಟ್ಟಿಗೆ ಚಟ್ನಿ ಉಂಟು. ಇನ್ನು ಕೆಲವು ಮನೆಗಳಿಗೆ ಕೆಂಪು ಮಾಂಸದಲ್ಲಿ ಅತಿ ಅಗ್ಗವಾಗಿದ್ದದ್ದು ದನದ ಮಾಂಸ. 2021ರಿಂದ ಜಾರಿಯಲ್ಲಿರುವ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದ ದನ, ಎಮ್ಮೆಗಳನ್ನು ಕೊಯ್ಯುವಂತಿಲ್ಲ. ಆ ಮನೆಗಳ ಲೆಕ್ಕ ಆಗಿನಿಂದ ಬಿಗಿಯಾಗಿದೆ ಎಂಬುದನ್ನು ಖರ್ಚಿನ ಬಗ್ಗೆ ಬರೆಯುವವರು ಹೇಳದೆ ಬಿಡಬಾರದು.

ಖಂಡವನ್ನೇ ಕಡಿಮೆ ಮಾಡಿ ಬೇಳೆಗೆ ಬನ್ನಿ ಎನ್ನುವವರ ಲೆಕ್ಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ನೂರು ರೂಪಾಯಿಗೆ ಬರುವ ಮಟನ್, ಮೂಳೆ ಸೇರಿ 125 ಗ್ರಾಂ. ಅದರಿಂದ ಸಿಗುವ ಪ್ರೋಟೀನ್ ಇಪ್ಪತ್ತು ಗ್ರಾಂ ಮೀರದು. ಕೋಳಿ ಕೆ.ಜಿ.ಗೆ 240 ಎಂದರೆ ಅದೇ ನೂರಕ್ಕೆ ಅರವತ್ತು ಗ್ರಾಮಿನಷ್ಟು. ಏಳು ರೂಪಾಯಿಯ ಮೊಟ್ಟೆಯಾದರೆ ಹದಿನಾಲ್ಕು ಬರುತ್ತವೆ, ಒಂದರಲ್ಲಿ ಆರು ಗ್ರಾಮಿನಂತೆ ಎಂಬತ್ತು ದಾಟಿತು. ತೊಗರಿಬೇಳೆ ಕೆ.ಜಿ.ಗೆ 140 ಇದ್ದರೂ ನೂರೈವತ್ತು ಗ್ರಾಂ. ಹುರುಳಿ ಇನ್ನೂ ಮುಂದೆ. ಈ ಜಗಳ ನಮ್ಮ ನೆಲದಲ್ಲಿ ಹೊಸದೂ ಅಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವಾಗ ಸಿಗುವ ತೆಕ್ಕಲಕೋಟೆಯ ಗುಡ್ಡಗಳಲ್ಲಿ, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆ ಬಾಳಿದ ನವಶಿಲಾಯುಗದ ಜನ ದನ, ಕುರಿ, ಆಡು ಸಾಕಿದ್ದರು. ಅವರ ನೆಲೆಗಳನ್ನು ಅಗೆದಾಗ ಪ್ರಾಣಿಗಳ ಮೂಳೆಯ ಜೊತೆಗೆ ಕರಕಾದ ಹುರುಳಿ ಕಾಳೂ ಸಿಕ್ಕಿದೆ. ಅವರ ಒಲೆಯ ಮೇಲೆ ಖಂಡವೂ ಬೆಂದಿದೆ, ಹುರುಳಿಯೂ ಬೆಂದಿದೆ.

ಆದರೂ ಬೇಳೆಯವರ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆ ಇದೆ. ಪ್ರೋಟೀನ್ ಒಂದರಿಂದಲೇ ರಕ್ತ ಆಗುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು. ಖಂಡದಲ್ಲಿರುವ ಕಬ್ಬಿಣವನ್ನು ನಮ್ಮ ದೇಹ ಬೇಳೆ ಸೊಪ್ಪಿನ ಕಬ್ಬಿಣಕ್ಕಿಂತ ಸಲೀಸಾಗಿ ಹೀರಿಕೊಳ್ಳುತ್ತದೆ. ಬಿ12 ಜೀವಸತ್ವವಂತೂ ಬೇಳೆಯಲ್ಲಿ ಇಲ್ಲವೇ ಇಲ್ಲ. ಹಾಲು, ಮೊಟ್ಟೆ, ಮಾಂಸದಿಂದಲೇ ಬರಬೇಕು. ಗದ್ದೆಯಲ್ಲಿ ಬಗ್ಗಿ ದಿನವಿಡೀ ಸಸಿ ನಾಟಿ ಬಂದ ಹೆಂಗಸಿಗೆ ‘ಖಂಡ ಬಿಡು, ಬೇಳೆ ತಿನ್ನು, ದುಡ್ಡು ಉಳೀತೈತಿ’ ಎನ್ನುವ ಮುಂಚೆ ಇದು ನೆನಪಿರಬೇಕು.

ಎರಡೂ ಕಡೆಯವರನ್ನು ಒಂದೇ ಪಾತ್ರೆಗೆ ತರುವ ಅಡುಗೆ ನಮ್ಮಲ್ಲಿ ಮೊದಲಿನಿಂದ ಇದೆ. ಬಳ್ಳಾರಿ ಕಡೆಯ ಮುಸ್ಲಿಮರ ಮನೆಗಳ ದಾಲ್ಚಾ ತಿಂದವರಿಗೆ ಗೊತ್ತು: ನಾಲ್ಕು ಮೂಳೆ ತುಂಡು, ಕಡಲೆಬೇಳೆ, ಸೋರೆಕಾಯಿ, ಹುಣಸೆಹುಳಿ. ಕಾಲು ಕೆ.ಜಿ. ಖಂಡ ಒಂದು ದೊಡ್ಡ ಪಾತ್ರೆಗೆ ಸಾಲುತ್ತದೆ. ಪುಂಡಿಪಲ್ಯೆಗೆ ಹಾಕಿದ ಮಟನ್, ಮೆಂತ್ಯ ಸೊಪ್ಪಿನ ಖೈಮಾ ಇದೇ ಜಾತಿಯವು. ಇದು ಬರೀ ಹಿಗ್ಗಿಸುವ ಉಪಾಯವಲ್ಲ. ಬೇಳೆಯ ಜೊತೆ ಸ್ವಲ್ಪ ಖಂಡ ಸೇರಿದರೆ ಬೇಳೆಯಲ್ಲಿನ ಕಬ್ಬಿಣವನ್ನೂ ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಹುಣಸೆ, ನಿಂಬೆಯ ಹುಳಿಯೂ ಅದಕ್ಕೆ ನೆರವು. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ ಒಂದೂವರೆ ಕೆ.ಜಿ. ಖಂಡವನ್ನು ಒಂದೇ ಹೊತ್ತಿಗೆ ಉಂಡು ಉಳಿದ ಇಪ್ಪತ್ತೊಂಬತ್ತು ದಿನ ಬರೀ ಸಾರು ಉಣ್ಣುವುದಕ್ಕಿಂತ, ಅದೇ ಖಂಡವನ್ನು ಆರು ಪಾತ್ರೆಗೆ ಹಂಚುವುದು ಮೇಲು. ಕಂದೂರಿ, ದೇವರ ಕಾರ್ಯ, ಹಬ್ಬದ ಮರುದಿನದ ಕರಿಗೆ ಈ ಮಾತು ಹೊಂದುವುದಿಲ್ಲ. ಬೀಗರು ಕೂತಾಗ ದಾಲ್ಚಾದ ಮೂಳೆ ಬಡಿಸಲಾಗುವುದಿಲ್ಲ. ಆ ಊಟದ ಖರ್ಚು ಮನೆಯ ಮರ್ಯಾದೆಯ ಖರ್ಚು, ಅದನ್ನು ದಿನಸಿ ಪಟ್ಟಿಯಲ್ಲಿ ಬರೆಯಬಾರದು.

ಇಷ್ಟೆಲ್ಲ ತೂಗಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಬೇರೆಯದು: ಉಳಿದ ದುಡ್ಡು ಯಾರ ತಟ್ಟೆಯಿಂದ ಉಳಿಯಿತು? ಅಂದು ಪಾಲಿನ ಅರ್ಧ ಖಂಡವನ್ನು ಅಕ್ಕ ಪುಂಡಿಪಲ್ಯೆ ಹಾಕಿ ಬೇಯಿಸಿದಳು. ಮೊದಲು ನನಗೂ ಭಾವನಿಗೂ ಬಡಿಸಿದಳು, ಆಮೇಲೆ ಅತ್ತೆಗೆ, ಮಗನಿಗೆ, ಮಗಳಿಗೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಒಲೆಯ ಪಕ್ಕ ಪಾತ್ರೆಯನ್ನೇ ಮುಂದಿಟ್ಟುಕೊಂಡು ಕೂತಿದ್ದಳು. ತಳದಲ್ಲಿ ಉಳಿದಿದ್ದ ಸಾರಿಗೆ ಅನ್ನ ಹಾಕಿ ಕಲಸುತ್ತಿದ್ದಳು. ಒಂದು ಬೆನ್ನುಮೂಳೆ ಇತ್ತು. ನಾನು ಏನೋ ಹೇಳಹೊರಟೆ. ‘ನಂಗ ಖಂಡ ಅಷ್ಟು ಸೇರಂಗಿಲ್ಲ ಬಿಡಪಾ’ ಎಂದಳು. ಚಿಕ್ಕವಳಿದ್ದಾಗ ಲಿವರಿಗಾಗಿ ನನ್ನೊಡನೆ ಜಗಳವಾಡುತ್ತಿದ್ದವಳು ಅವಳೇ. ಬೇವಿನ ಗಿಡದ ಕೆಳಗೆ ಹತ್ತು ಮನೆಗೆ ಅಷ್ಟು ನ್ಯಾಯವಾಗಿ ಹಂಚಿದ ಖಂಡಕ್ಕೆ ಮನೆಯೊಳಗೆ ಬಂದ ಮೇಲೆ ಬೆನ್ನು ತಿರುಗಿಸಿ ಹೆಸರು ಕೂಗುವವರು ಯಾರೂ ಇರಲಿಲ್ಲ.

ಮೊಟ್ಟೆಯ ಮೇಲೆ ನನಗೆ ಗೌರವ ಹೆಚ್ಚಿದ್ದು ಆಗಿನಿಂದ. ಮೊಟ್ಟೆ ಎಣಿಕೆಗೆ ಸಿಗುತ್ತದೆ. ಐದು ಜನಕ್ಕೆ ಐದು ಬೇಯಿಸಿದರೆ ಒಬ್ಬರಿಗೊಂದು, ತಳದ ಸಾರಿನ ಮಾತೇ ಬರುವುದಿಲ್ಲ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ಪ್ರಕಟಿಸುವ ದರಪಟ್ಟಿಯಲ್ಲಿ ನಮ್ಮ ಹೊಸಪೇಟೆಯದೂ ಒಂದು ಹೆಸರು, ಅಷ್ಟು ಹತ್ತಿರದ ಸರಕು ಇದು. ವರ್ಷಕ್ಕೆ ಒಬ್ಬರಿಗೆ 180 ಮೊಟ್ಟೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ದೇಶದಲ್ಲಿ 2023–24ರಲ್ಲಿ ತಲೆಗೆ ಸಿಕ್ಕದ್ದು 103. ಶಾಲೆಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಬಂತು, 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರೂ ದಿನ. ‘ಶಾಲಿಯಾಗ ತಿಂದಾರಲ್ಲ’ ಎಂದು ತಾಯಂದಿರು ಮನೆಯ ಮೊಟ್ಟೆಯನ್ನು ನಿಲ್ಲಿಸುವುದೂ ಶುರುವಾಗಿದೆ. ಖರ್ಚು ಉಳಿಯಿತು ನಿಜ. ಆದರೆ ಶಾಲೆಗೆ ಹೋಗದ ತಾಯಿಯ ಮೊಟ್ಟೆಯೂ ಅದರ ಜೊತೆಗೇ ನಿಂತಿತು.

ಮಟನ್ ತಿನ್ನಲೇಬೇಕು ಎನ್ನುವವರಿಗೂ ಬಿಟ್ಟರೆ ನಷ್ಟವಿಲ್ಲ ಎನ್ನುವವರಿಗೂ ನಾನು ಅರ್ಧರ್ಧ ಒಪ್ಪುತ್ತೇನೆ. ನನ್ನ ಕೈಯಲ್ಲಿ ಆ ಡಬ್ಬಿಯ ದುಡ್ಡಿದ್ದರೆ ದಿನದ ಮೊಟ್ಟೆಗೆ ಮೊದಲು ತೆಗೆದಿಡುತ್ತಿದ್ದೆ, ವಾರದ ಕೋಳಿಗೆ ಆಮೇಲೆ, ಬಿಸಿಲ ದಿನಗಳಲ್ಲಿ ಎರಡು ತಿಂಗಳಿಗೊಮ್ಮೆ ಪಾಲು. ಅಕ್ಕ ಒಪ್ಪಲಿಲ್ಲ. ‘ಭಾನುವಾರ ಖಂಡದ ವಾಸನಿ ಬಂದ್ರ ಮಕ್ಳು ಬಾಗ್ಲಾಗ ನಿಂತಿರ್ತಾವ. ನಿನ್ನ ಲೆಕ್ಕ ಅವಕ್ಕ ಹೇಳು’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮುಂದಿನ ಸಲ ಹೋದಾಗಲೂ ಪಾಲು ಹಾಕಿದ್ದರು. ಮಕ್ಕಳಿಬ್ಬರೂ ಬೇವಿನ ಗಿಡದ ಕೆಳಗೆ ಪೂರ್ತಿ ಹೊತ್ತು ನಿಂತು ನೋಡಿಬಂದಿದ್ದರು. ಮಧ್ಯಾಹ್ನ ಅಕ್ಕ ಸೌಟು ಹಿಡಿಯುವ ಮೊದಲೇ ಮಗಳು ಆರು ತಟ್ಟೆ ಸಾಲಾಗಿ ಜೋಡಿಸಿದಳು. ಪಾತ್ರೆಯಿಂದ ಖಂಡ ಎತ್ತಿ ಒಂದೊಂದರಲ್ಲೂ ಸುತ್ತು ಹಾಕುತ್ತ ಹೋದಳು, ಒಂದು ತಟ್ಟೆಯಿಂದ ತುಂಡೊಂದನ್ನು ತೆಗೆದು ಇನ್ನೊಂದಕ್ಕೆ ಹಾಕಿ ಸಮ ಮಾಡಿದಳು. ತಮ್ಮನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿದಳು. ತೊಡೆಯ ಎರಡು ತುಂಡು, ಅಂಚಿಗೆ ಒಂದು ಚೂರು ಲಿವರ್ ಇದ್ದ ತಟ್ಟೆಗೆ ಬೆರಳಿಟ್ಟು ಕೇಳಿದಳು:

‘ಇದು ಯಾರದು?’

‘ಅಮ್ಮಂದು’ ಎಂದ.